ದೋಷ ಅವರದು, ಸಾಬೀತು ನಮ್ಮ ಪಾಲಿಗೆ

2014ರ ಜುಲೈ. ಮಲೇಷ್ಯಾದ ಸಿಬು ಪಟ್ಟಣದಲ್ಲಿ ಹೋಂಡಾ ಸಿಟಿ ಕಾರೊಂದು ಅಪಘಾತಕ್ಕೀಡಾಯಿತು. ವೇಗ ಹೆಚ್ಚಿರಲಿಲ್ಲ. ಆದರೆ ಜೀವ ಉಳಿಸಬೇಕಿದ್ದ ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ಅದರ ಹಿಂದಿನ ಲೋಹದ ಡಬ್ಬಿಯೇ ಸಿಡಿಯಿತು. ಚೂರು ಬಡಿದು ಗರ್ಭಿಣಿ ಚಾಲಕಿ ಸತ್ತಳು. ಮಗುವೂ ಉಳಿಯಲಿಲ್ಲ.

ಡಬ್ಬಿ ಜಪಾನಿನ ಟಕಾಟ ಕಂಪನಿಯದು. ಚೀಲವನ್ನು ಕ್ಷಣಾರ್ಧದಲ್ಲಿ ಉಬ್ಬಿಸಲು ಅದರೊಳಗೆ ಅಮೋನಿಯಂ ನೈಟ್ರೇಟ್ ಇಟ್ಟಿದ್ದರು. ವರ್ಷಗಟ್ಟಲೆ ಸೆಖೆ, ತೇವ ತಾಗಿದರೆ ಅದು ಹಾಳಾಗುತ್ತದೆ, ಹೊತ್ತಿಕೊಂಡಾಗ ಮಿತಿಮೀರಿ ಉರಿಯುತ್ತದೆ. ವರ್ಷವಿಡೀ ಬೆವರಿಳಿಸುವ ಸಿಂಗಪುರದಲ್ಲಿ ಈ ಸುದ್ದಿಯನ್ನು ಓದಿ ಮಡಚಿಡಲಾಗದು. ಈ ಏರ್‌ಬ್ಯಾಗ್‌ಗಳಿದ್ದ ಕಾರುಗಳನ್ನು ಇಲ್ಲೂ ವಾಪಸು ಕರೆಯಬೇಕಾಯಿತು.

ಇಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಎರಡು ವರ್ಷಕ್ಕೊಮ್ಮೆ, ಹತ್ತು ದಾಟಿದರೆ ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ. ಬ್ರೇಕು, ಹೊಗೆ ಎಲ್ಲ ನೋಡುತ್ತಾರೆ. ಆದರೆ ಸ್ಟಿಯರಿಂಗ್‌ನೊಳಗಿನ ಆ ಡಬ್ಬಿಯನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಅದರ ಗುಟ್ಟು ತಯಾರಕನಿಗೆ ಮಾತ್ರ ಗೊತ್ತು.

ಹೀಗಿದ್ದೂ ಸಿಂಗಪುರದಲ್ಲಿ ಗಾಯಗೊಂಡವರು ತಯಾರಕನಿಂದ ಪರಿಹಾರ ಪಡೆಯಲು ಅವನ ನಿರ್ಲಕ್ಷ್ಯವನ್ನು ತಾವೇ ಸಾಬೀತು ಮಾಡಬೇಕು. ಗಾಯದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು. 2012ರಲ್ಲಿ ಬಂದ 'ಲೆಮನ್ ಲಾ' ಇದೆಯಲ್ಲ ಎನ್ನಬಹುದು. ಅದು ದೋಷವಿರುವ ಸಾಮಾನನ್ನು ಮಾರಿದವನಿಂದ ರಿಪೇರಿಯನ್ನೋ ಬದಲಿಯನ್ನೋ ಹಣವನ್ನೋ ಕೊಡಿಸುತ್ತದೆ. ಪಕ್ಕದ ಸೀಟಿನಲ್ಲಿ ಕೂತು ಕಣ್ಣು ಕಳೆದುಕೊಂಡ ಗೆಳತಿ ತಯಾರಕನ ಮೇಲೆ ಹೋಗಬೇಕಾದರೆ ಅದು ನೆರವಿಗೆ ಬಾರದು.

ನಿರ್ಲಕ್ಷ್ಯ ಸಾಬೀತು ಮಾಡುವುದೆಂದರೆ ಎಂಥ ಮಾತು! 2017ರಲ್ಲಿ ಟಕಾಟ ಅಮೆರಿಕದ ನ್ಯಾಯಾಲಯದಲ್ಲಿ ವಂಚನೆಯ ತಪ್ಪೊಪ್ಪಿಕೊಂಡಿತು. ತನ್ನಿಂದ ಡಬ್ಬಿ ಕೊಳ್ಳುವ ಕಾರು ಕಂಪನಿಗಳಿಗೇ ತಿದ್ದಿದ ಪರೀಕ್ಷಾ ವರದಿ ಕೊಟ್ಟಿತ್ತು. ದೊಡ್ಡ ಕಾರು ಕಂಪನಿಗಳ ಕಣ್ಣಿಗೇ ಮಣ್ಣೆರಚಿದವರ ಕಡತವನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದವರು ಎಲ್ಲಿಂದ ತಂದಾರು?

ಕಡಲ ಮೇಲಿನ ಸೇತುವೆ ದಾಟಿದರೆ ಮಲೇಷ್ಯಾ. ಅಲ್ಲಿ 1999ರ ಕಾನೂನಿನಡಿ ವಸ್ತುವಿನ ದೋಷ, ಅದರಿಂದಾದ ಗಾಯ ಇವೆರಡನ್ನು ತೋರಿಸಿದರೆ ತಯಾರಕ ಹೊಣೆಗಾರ. ನಿರ್ಲಕ್ಷ್ಯದ ಪ್ರಶ್ನೆಯೇ ಬೇಕಿಲ್ಲ. ಟಕಾಟದ ತವರು ಜಪಾನ್ 1994ರಲ್ಲೇ ಇಂಥ ಕಾನೂನು ಮಾಡಿತು. ನಮ್ಮ ಭಾರತವೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನದ ಹೊಣೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿತು.

ಶಿಸ್ತಿಗೆ ಹೆಸರಾದ ಸಿಂಗಪುರ ಇದರಲ್ಲಿ ಹಿಂದುಳಿಯಬಾರದು. ಲಾಭ ಉಂಡವನು ದೋಷದ ಭಾರವನ್ನೂ ಹೊರಲಿ. ಅಲ್ಲಿಯವರೆಗೆ ಡೀಲರಿನಿಂದ ರೀಕಾಲ್ ಪತ್ರ ಬಂದರೆ ಇವತ್ತೇ ಒಡೆದು ಓದಿ, ಕಾರು ಒಯ್ದು ಆ ಡಬ್ಬಿ ಬದಲಾಯಿಸಿ. ಸ್ಟಿಯರಿಂಗ್‌ನಿಂದ ನಮ್ಮ ಎದೆಗಿರುವ ದೂರ ಒಂದೇ ಮೊಳ.