ಮೂರು ವಿಶೇಷಣ, ಒಬ್ಬ ನಾವಿಕ

ನನ್ನ ಬಳಿ ಅನುವಾದಕ್ಕೆ ಬರುವ ಕೆಲಸಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಮರಣವಾರ್ತೆ. ಪುಣೆಯಲ್ಲಿ ನಮ್ಮ ಕೆಳಗಿನ ಮಹಡಿಯಲ್ಲಿದ್ದ ಅಜ್ಜ ತೀರಿಕೊಂಡ ಮರುದಿನ ಅವರ ಮಗ ಇಂಗ್ಲಿಷಿನ ಐದು ಸಾಲು ಕಳಿಸಿದರು. ಭಾನುವಾರ ಬೆಟಗೇರಿಯ ಬಂಧುಗಳ ಪ್ರಾರ್ಥನೆಯಲ್ಲಿ ಓದಲು ಅದು ಕನ್ನಡದಲ್ಲಿ ಬೇಕಿತ್ತು. ಸಾರಾಂಶ ಇಷ್ಟು: ದೈವಭಕ್ತ ಕ್ರೈಸ್ತ, ನೌಕಾಪಡೆಯ ನಿವೃತ್ತ ಯೋಧ, ಕುಟುಂಬವತ್ಸಲ. ಕೆಳಗೆ ಇನ್ನೊಂದು ಸಾಲು: ‘ಅಪ್ಪಟ ದೇಶಭಕ್ತ ಅಂತನೂ ಹಾಕ್ರಿ.’

ಅರ್ಧ ಗಂಟೆಯ ಕೆಲಸ. ನನಗೆ ಮೂರು ದಿನ ಹಿಡಿಯಿತು.

ಮೊದಲು ‘ಯೋಧ’ ಎಂಬ ಪದವೇ ಅಡ್ಡ ಬಂತು. ನಮ್ಮ ಗದಗ-ಧಾರವಾಡದ ಕಡೆ ಸಮವಸ್ತ್ರ ತೊಟ್ಟವರೆಲ್ಲ ‘ಮಿಲಿಟ್ರಿಯವರು’. ನಾವಿಕ ಎಂಬ ಪದ ಪಠ್ಯಪುಸ್ತಕದಲ್ಲಿದೆ, ಬಾಯಲ್ಲಿಲ್ಲ. ಹತ್ತಿರದಲ್ಲಿ ಸಮುದ್ರವಿಲ್ಲದ ಊರಿಗೆ ಅದರ ಅಗತ್ಯವೂ ಬಿದ್ದಿಲ್ಲ. ಅಜ್ಜ ನಾವಿಕರಾಗಿದ್ದರು, ಆದರೆ ಹಡಗಿನ ಮೇಲೆ ನಿಂತು ಕಡಲು ನೋಡಿದ್ದು ಕಡಿಮೆ. ಲೋಣಾವಳದ ಗುಡ್ಡದ ಮೇಲೆ 1945ರಿಂದ ನಡೆಯುತ್ತಿರುವ ಐಎನ್‌ಎಸ್ ಶಿವಾಜಿಯಲ್ಲಿ ಎಂಜಿನ್ ಕೆಲಸ ಕಲಿತರು. 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಲ್ಲಿದ್ದ ವಿಕ್ರಾಂತ್ ಹಡಗಿನ ಬಾಯ್ಲರ್ ರೂಮಿನಲ್ಲಿದ್ದರು. ಆ ಹಡಗಿನ ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ಉಳಿದ ಮೂರರ ಬಲದಿಂದಲೇ ಹಡಗು ಓಡಬೇಕಿತ್ತು, ಮೇಲಿನ ಡೆಕ್ಕಿನಿಂದ ವಿಮಾನಗಳು ಹಾರಬೇಕಿತ್ತು. ಯುದ್ಧದ ಕಥೆ ಹೇಳಿ ಎಂದರೆ ಅಜ್ಜ ಒಂದೇ ಮಾತು ಹೇಳುತ್ತಿದ್ದರು: ‘ನಾ ಯುದ್ಧ ನೋಡಿಲ್ಲವಾ. ಗೇಜ್ ನೋಡೀನಿ.’

‘ದೈವಭಕ್ತ’ ಎಂಬುದೂ ಸುಲಭವಾಗಿರಲಿಲ್ಲ. ಬೆಟಗೇರಿಯ ಬಾಸೆಲ್ ಮಿಶನ್ ಪರಂಪರೆಯ ಮನೆತನ ಅವರದು. ಬೆಳಗಿನ ಐದಕ್ಕೆ ಎದ್ದು ಕನ್ನಡ ಸತ್ಯವೇದ ಓದುವುದು ತಪ್ಪುತ್ತಿರಲಿಲ್ಲ. ಓದಿದ ಮೇಲೆ ಒಂದು ನೋಟ್‌ಬುಕ್ಕು ತೆರೆಯುತ್ತಿದ್ದರು. ಅದರಲ್ಲಿ ಹೆಸರುಗಳು: ಬಾಯ್ಲರ್ ರೂಮಿನ ಗೆಳೆಯರು, ಪಿಂಪ್ರಿಯ ಕಾರ್ಖಾನೆಯ ಜೊತೆಗಾರರು, ಕಟ್ಟಡದ ವಾಚ್‌ಮನ್, ಹಾಲಿನವರು. ಎಲ್ಲ ಜಾತಿ, ಎಲ್ಲ ಮತದವರು. ಒಬ್ಬೊಬ್ಬರನ್ನೂ ಹೆಸರು ಹಿಡಿದು ದೇವರ ಮುಂದೆ ನೆನೆಯುತ್ತಿದ್ದರು. ನಾನು ಬಾಡಿಗೆ ಮನೆಗಾಗಿ ಅಲೆಯುತ್ತಿದ್ದ ವರ್ಷ ನನ್ನ ಹೆಸರಿನ ಮುಂದೆ ‘ಮನೆ’ ಎಂದು ಬರೆದಿದ್ದರು. ಮನೆ ಸಿಕ್ಕ ದಿನ ಅದನ್ನು ಹೊಡೆದುಹಾಕಿ, ಎರಡು ತಿಂಗಳ ಬಳಿಕ ‘ಮದುವೆ’ ಎಂದು ಬರೆದರು. ‘ಅದನ್ನ ಅಳಸ್ರಿ ಅಜ್ಜಾರ’ ಎಂದೆ. ಅಳಿಸಲಿಲ್ಲ.

ಇನ್ನು ‘ಅಪ್ಪಟ ದೇಶಭಕ್ತ’. ಮಗ ಅದನ್ನು ಯಾಕೆ ಕೇಳಿದರು ಎಂಬುದು ನನಗೆ ಗೊತ್ತು, ನಿಮಗೂ ಗೊತ್ತಿರುತ್ತದೆ. ಕೆಲವು ಹೆಸರುಗಳ ಜೊತೆ ಒಂದು ಪ್ರಮಾಣಪತ್ರ ಅಂಟಿಸಿ ಕಳಿಸುವುದು ಕ್ಷೇಮ ಎಂದು ಮನೆಮಂದಿಗೆ ಅನ್ನಿಸುವ ಕಾಲವಿದು. ಆದರೆ ಅಂಟಿಸಿದ ಕ್ಷಣವೇ, ಅದು ಇಲ್ಲದಿದ್ದರೆ ಅನುಮಾನಕ್ಕೆ ಜಾಗವಿತ್ತು ಎಂದು ನಾವೇ ಒಪ್ಪಿಕೊಂಡಂತೆ.

ಅನುಮಾನಕ್ಕೆ ಆಧಾರವೇನು? ಪೇಶ್ವೆ ಸವಾಯಿ ಮಾಧವರಾವ್ ಇದೇ ಪುಣೆಯಲ್ಲಿ, ಈಗ ಸಿಟಿ ಚರ್ಚ್ ಎನ್ನುವ ಇಗರ್ಜಿಗೆ 1792ರಲ್ಲಿ ಜಾಗ ಕೊಟ್ಟದ್ದು ತಮ್ಮ ಸೈನ್ಯದಲ್ಲಿದ್ದ ಕ್ರೈಸ್ತರ ಪ್ರಾರ್ಥನೆಗೆಂದು. ನೌಕಾಪಡೆಯನ್ನೇ ನೋಡಿ. ಕಣ್ಣೂರಿನಲ್ಲಿ ಹುಟ್ಟಿದ ಅಡ್ಮಿರಲ್ ರೊನಾಲ್ಡ್ ಪೆರೇರಾ 1979ರ ಮಾರ್ಚಿನಲ್ಲಿ ಅದರ ಮುಖ್ಯಸ್ಥರಾದರು. 1982ರಲ್ಲಿ ಅವರಿಂದ ಅಧಿಕಾರ ವಹಿಸಿಕೊಂಡವರು ಬರ್ಮಾದಲ್ಲಿ ಹುಟ್ಟಿದ ಅಡ್ಮಿರಲ್ ಆಸ್ಕರ್ ಸ್ಟಾನ್ಲಿ ಡಾಸನ್; 1984ರ ನವೆಂಬರಿನವರೆಗೆ ಇದ್ದರು. ಹೀಗೆ ಐದು ವರ್ಷ ಒಂಬತ್ತು ತಿಂಗಳು ದೇಶದ ಕಡಲು ಒಬ್ಬರಾದ ಮೇಲೊಬ್ಬರಂತೆ ಇಬ್ಬರು ಕ್ರೈಸ್ತರ ಸುಪರ್ದಿಯಲ್ಲಿತ್ತು. ಇಬ್ಬರೂ ತೀರಿಕೊಂಡದ್ದು ಬೆಂಗಳೂರಿನಲ್ಲಿ, 1993ರಲ್ಲಿ ಪೆರೇರಾ, 2011ರಲ್ಲಿ ಡಾಸನ್. ವೇದದಿಂದ ಆಯ್ದ, ವರುಣನ ಕೃಪೆ ಬೇಡುವ ಧ್ಯೇಯವಾಕ್ಯದ ಕೆಳಗೆ ಅವರು ಕೆಲಸ ಮಾಡಿದರು. ಪೆರೇರಾ ಅವರ ಕಾಲದಲ್ಲೇ ಅಜ್ಜ ಹದಿನೈದು ವರ್ಷದ ಸೇವೆ ಮುಗಿಸಿ ಹೊರಬಂದದ್ದು.

2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಹೊಸ ವಿಕ್ರಾಂತ್ ಸೇವೆಗೆ ಸೇರಿದ್ದನ್ನು ಅವರ ಮನೆಯ ಟೀವಿಯಲ್ಲೇ ನೋಡಿದೆ. ಅದೇ ದಿನ ನೌಕಾಪಡೆಯ ಧ್ವಜದಿಂದ ಸೇಂಟ್ ಜಾರ್ಜ್ ಶಿಲುಬೆ ಹೋಗಿ, ಶಿವಾಜಿ ಮಹಾರಾಜರ ಮುದ್ರೆಯ ಮಾದರಿಯ ಅಷ್ಟಕೋನ ಬಂತು. ಆ ಶಿಲುಬೆ ಬ್ರಿಟಿಷ್ ನೌಕಾಪಡೆಯಿಂದ ಬಂದದ್ದು. 2001ರಲ್ಲೊಮ್ಮೆ ತೆಗೆದು 2004ರಲ್ಲಿ ಮರಳಿ ತಂದಿದ್ದರು. ಮಗ ಅಪ್ಪನ ಮುಖ ನೋಡಿದರು. ಅಜ್ಜ ಅಂದದ್ದು ಇಷ್ಟು: ‘ಧ್ವಜ ಡೆಕ್ಕಿನ ಮ್ಯಾಲ ಇರ್ತೈತಿ. ನಾ ಇದ್ದದ್ದು ಕೆಳಗ. ಮತ್ತ ನಾ ಕಲ್ತದ್ದೂ ಶಿವಾಜಿ ಹೆಸರಿನ ಸಾಲ್ಯಾಗ ಅಲ್ಲೇನು?’ ಆಮೇಲೆ ಹೊಸ ಹಡಗಿನಲ್ಲಿ ಬಾಯ್ಲರ್ ಇಲ್ಲ, ಗ್ಯಾಸ್ ಟರ್ಬೈನ್ ಎಂದು ತಿಳಿದು, ಅದಕ್ಕೇ ಹೆಚ್ಚು ಬೇಸರ ಮಾಡಿಕೊಂಡರು.

ಕಡೆಯದು ‘ಕುಟುಂಬವತ್ಸಲ’. ಇದನ್ನು ಅವರ ಹೆಂಡತಿಯ ಮುಂದೆ ಹೇಗೆ ಓದುವುದು? ಅವರನ್ನು ನಾನು ಆಯಿ ಎನ್ನುತ್ತೇನೆ. ನಮ್ಮ ಕಡೆ ಆಯಿ ಎಂದರೆ ಅಜ್ಜಿ, ಪುಣೆಯ ಮರಾಠಿಯಲ್ಲಿ ತಾಯಿ, ಎರಡೂ ಸಲ್ಲುತ್ತದೆ. ಹದಿನೈದು ವರ್ಷ ಸಂಸಾರ ನಡೆಸಿದವರು ಅವರು. ಹಿರಿಮಗ ಹುಟ್ಟಿದ ಸುದ್ದಿ ಅಜ್ಜನಿಗೆ ತಲುಪಿದ್ದು ತಾರಿನಲ್ಲಿ. ರಜೆಗೆ ಬಂದಾಗ ಆ ಮಗು ಅಪ್ಪನನ್ನು ‘ಮಾಮಾ’ ಎಂದು ಕರೆದಿತ್ತು. ಮೂವತ್ತೈದರ ಹತ್ತಿರ ಮನೆಗೆ ಬಂದ ಮನುಷ್ಯನಿಗೆ ಮನೆಯಲ್ಲಿ ಲೋಟ ಎಲ್ಲಿದೆ ಎಂಬುದೂ ಗೊತ್ತಿರಲಿಲ್ಲವಂತೆ.

ಕಲಿತರು. ಆಯಿಯ ಕಣ್ಣು ಹೋದ ಮೇಲಿನ ಹನ್ನೊಂದು ವರ್ಷ ಅಡುಗೆ ಅವರದೇ. ದಿನಾ ಆಯಿಯ ತಲೆ ಬಾಚಿ ಜಡೆ ಹೆಣೆಯುತ್ತಿದ್ದರು. ಸತ್ಯವೇದ ಗಟ್ಟಿಯಾಗಿ ಓದತೊಡಗಿದ್ದು ಆಗಲೇ, ಇಬ್ಬರಿಗೂ ಕೇಳಲಿ ಎಂದು. ಹಾಗಾದರೆ ‘ಕುಟುಂಬವತ್ಸಲ’ ನಿಜವೇ? ನಿಜ, ಆದರೆ ಅರ್ಧ ಆಯುಷ್ಯದ ನಿಜ. ಒಂದೇ ಪದದಲ್ಲಿ ಹೇಳಿದರೆ ಆಯಿಯ ಹದಿನೈದು ವರ್ಷವೂ ಮುಚ್ಚಿಹೋಗುತ್ತದೆ, ಅಜ್ಜ ಕಷ್ಟಪಟ್ಟು ಕಲಿತದ್ದೂ ಮುಚ್ಚಿಹೋಗುತ್ತದೆ.

ನನ್ನ ಅಭಿಪ್ರಾಯ ಇಷ್ಟೇ. ಸತ್ತವರನ್ನು ನೆನೆಯುವಾಗ ಅವರಿಗೆ ಬಿರುದು ಕೊಡುವುದು ಬೇಡ. ಅವರು ಏನು ಮಾಡಿದರು ಎಂದು ಹೇಳಿದರೆ ಸಾಕು. ಬಿರುದುಗಳು ಎಲ್ಲರಿಗೂ ಒಂದೇ ಅಳತೆಯವು; ಕೆಲವರಿಗೆ ಅವು ಜಾಮೀನಿನ ಕಾಗದವೂ ಆಗುತ್ತವೆ. ಹದಿನೈದು ವರ್ಷ ದುಡಿದವನ ಪರವಾಗಿ ಜಾಮೀನು ಬರೆದುಕೊಡುವುದು ಅವನಿಗೆ ಮಾಡುವ ಅವಮಾನ.

ಹಾಗಾಗಿ ವಿಶೇಷಣಗಳನ್ನು ಬಿಟ್ಟು ಬರೆದೆ: ಬೆಟಗೇರಿಯಲ್ಲಿ ಹುಟ್ಟಿದರು. ಲೋಣಾವಳದಲ್ಲಿ ಕಲಿತರು. 1971ರಲ್ಲಿ ವಿಕ್ರಾಂತ್ ಹಡಗಿನ ಬಾಯ್ಲರ್ ಕಾದರು. ಪ್ರತಿ ಬೆಳಿಗ್ಗೆ ಅನೇಕರ ಹೆಸರು ಹಿಡಿದು ಪ್ರಾರ್ಥಿಸಿದರು. ಹೆಂಡತಿಯ ಜಡೆ ಹೆಣೆದರು. ಮಗ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ದೇಶಭಕ್ತ ಅನ್ನೂದು ಬ್ಯಾಡ ಬಿಡ್ರಿ’ ಎಂದರು.

ಆಮೇಲೆ ಆಯಿಗೆ ಓದಿ ಹೇಳಿದೆ. ಕೊನೆಯವರೆಗೆ ಕೇಳಿದರು.

‘ಎಲ್ಲಾ ಛಲೋ ಐತಿ ಯವ್ವಾ. ಇದರಾಗ ರೊಟ್ಟಿ ಎಲ್ಲಿ ಐತಿ?’

ಒಂದು ಸಾಲು ಸೇರಿಸಿದೆ: ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಜೋಳದ ರೊಟ್ಟಿ ಬಡಿಯುವುದನ್ನು ಕಲಿತರು.