ಗಾಲಿಮನೆಯ ನೀರಿನ ಲೆಕ್ಕ

ಡೊಂಬಿವಲಿಯ ನಮ್ಮ ಬಳಗದ ಎಷ್ಟೋ ಮನೆಗಳಿಗೆ ಈಚಿನ ವರ್ಷಗಳಲ್ಲಿ ಒಂದೇ ಬಗೆಯ ಫೋನು ಕರೆ ಬರುತ್ತಿದೆ. ಅಮೆರಿಕದಲ್ಲಿರುವ ಮಗನೋ ಮಗಳೋ, "ಈ ಸಲ ನೀವು ಬಂದಾಗ ಆರ್‌ವಿ ಬಾಡಿಗೆಗೆ ತೆಗೆದುಕೊಂಡು ಕಾಡಿಗೆ ಹೋಗೋಣ" ಎನ್ನುತ್ತಾರೆ. ಮಂಚ, ಒಲೆ, ಶೌಚಾಲಯಗಳನ್ನು ಹೊತ್ತು ಓಡಾಡುವ ಆ ವಾಹನದ ಚಿತ್ರ ವಾಟ್ಸ್ಯಾಪಿನಲ್ಲಿ ಬರುತ್ತದೆ. ಅದರ ಹಿಂದೆಯೇ ಒಂದು ಕೋಷ್ಟಕ: ಹತ್ತು ದಿನ, ಆರು ಉದ್ಯಾನಗಳು, ದಿನಕ್ಕೆ ಇಷ್ಟು ಮೈಲಿ. ಯಾರು ಯಾವ ಹಾಸಿಗೆಯಲ್ಲಿ ಮಲಗಬೇಕೆಂಬ ಸಾಲಿನಲ್ಲಿ ನಮ್ಮ ಹೆಸರುಗಳಿರುತ್ತವೆ. ಯಾರು ಯಾವ ಕೆಲಸ ಮಾಡಬೇಕೆಂಬ ಸಾಲಿನಲ್ಲಿ ಇರುವುದಿಲ್ಲ. ನಮ್ಮ ತಕರಾರು ಅಲ್ಲಿಂದಲೇ ಶುರುವಾಗುತ್ತದೆ.

ಹಿರಿಯರನ್ನು ಜೋಪಾನವಾಗಿ ಸಾಗಿಸಬೇಕಾದ ಸಾಮಾನಿನಂತೆ ಕಂಡು ಹಾಕಿದ ಯೋಜನೆ ಕಾಡಿನಲ್ಲಿ ಎರಡು ದಿನವೂ ನಿಲ್ಲದು. ಇದನ್ನು ಹೋಗಿ ಬಂದ ಅನುಭವದಿಂದ ಹೇಳುತ್ತಿದ್ದೇವೆ.

ಮಗಳ ಸಂಸಾರ ಅಟ್ಲಾಂಟದಲ್ಲಿ. ಅಲ್ಲಿಂದ ನಾಲ್ಕೈದು ಗಂಟೆಯ ಹಾದಿಯಲ್ಲಿ, ಟೆನೆಸ್ಸಿ ಮತ್ತು ಉತ್ತರ ಕ್ಯಾರೊಲಿನಾಗಳ ಗಡಿಯ ಮೇಲೆ, 1934ರಲ್ಲಿ ಸ್ಥಾಪನೆಯಾದ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನವಿದೆ. ನಾವು ತಂಗಿದ್ದು ಅದರೊಳಗಿನ ಎಲ್ಕ್‌ಮಾಂಟ್ ಶಿಬಿರತಾಣದಲ್ಲಿ. ಕಳೆದ ಶತಮಾನದ ಆರಂಭದಲ್ಲಿ ಅದು ಮರ ಕಡಿಯುವ ಕಂಪನಿಯೊಂದರ ಊರಾಗಿತ್ತಂತೆ. ಈಗ ಹೊಳೆಯ ದಂಡೆಯುದ್ದಕ್ಕೂ ನೆರಳು ಕವಿದಿರುವುದು ಬೋಳಾದ ಬೆಟ್ಟದಲ್ಲಿ ಮತ್ತೆ ಬೆಳೆದ ಕಾಡು. ಒಂದು ತಾಣದಲ್ಲಿ ಆರು ಮಂದಿಗಿಂತ ಹೆಚ್ಚು ಇರುವಂತಿಲ್ಲ. ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು, ನಾವಿಬ್ಬರು, ಲೆಕ್ಕ ಸರಿಹೋಯಿತು. ಮುಂಗಡ ಕಾದಿರಿಸುವಿಕೆ ಆರು ತಿಂಗಳ ಮೊದಲೇ ತೆರೆಯುತ್ತದೆ. ಅರವತ್ತೆರಡು ದಾಟಿದವರಿಗೆ ಶಿಬಿರದ ಬಾಡಿಗೆ ಅರ್ಧಕ್ಕಿಳಿಯುವ ಪಾಸೊಂದಿದೆ ಎಂದು ಕೇಳಿ ಹಿಗ್ಗಿದ್ದೆವು. ಅದು ಅಲ್ಲಿನ ಪ್ರಜೆಗಳಿಗೂ ಕಾಯಂ ನಿವಾಸಿಗಳಿಗೂ ಮಾತ್ರ. ಸಂದರ್ಶಕರ ವೀಸಾದವರಿಗೆ ಬರಿಯ ವಯಸ್ಸು ಸಾಲದು.

ನಾವು ತಂಗಿದ್ದ ತಾಣದಲ್ಲಿ ವಾಹನಕ್ಕೆ ವಿದ್ಯುತ್ ಸಂಪರ್ಕವಿಲ್ಲ, ನೀರಿನ ಕೊಳವೆಯ ಜೋಡಣೆಯೂ ಇಲ್ಲ, ಸಾರ್ವಜನಿಕ ಸ್ನಾನಗೃಹವೂ ಇಲ್ಲ. ಜನರೇಟರನ್ನು ರಾತ್ರಿ ಎಂಟಕ್ಕೆ ನಿಲ್ಲಿಸಬೇಕು. ವಾಹನದ ತೊಟ್ಟಿಯಲ್ಲಿ ಹಿಡಿಯುವ ನೀರು ಸುಮಾರು 150 ಲೀಟರ್. ಆರು ಜನರಿಗೆ ಹಂಚಿದರೆ ತಲೆಗೆ 25 ಲೀಟರ್, ಅಂದರೆ ನಮ್ಮ ಬಚ್ಚಲಿನ ಒಂದು ಬಕೆಟ್ಟಿಗಿಂತ ತುಸು ಹೆಚ್ಚು. ಬಳಸಿದ ನೀರನ್ನು ನೆಲಕ್ಕೆ ಚೆಲ್ಲುವಂತಿಲ್ಲ. ಅದೂ ಇನ್ನೊಂದು ತೊಟ್ಟಿಯಲ್ಲಿ ತುಂಬುತ್ತ ಹೋಗುತ್ತದೆ. ಶೌಚದ ತೊಟ್ಟಿ ಬೇರೆ.

ಮೊದಲ ಸಂಜೆ ಮೊಮ್ಮಕ್ಕಳು ಷವರಿನ ಕೆಳಗೆ ಆಡಿದರು. ಪಾತ್ರೆಗಳು ತೆರೆದ ನಲ್ಲಿಯ ಕೆಳಗೆ ತೊಳೆಯಲ್ಪಟ್ಟವು. ಮರುದಿನ ಮಧ್ಯಾಹ್ನ ನಲ್ಲಿ ಕೆಮ್ಮಿತು. ಕೊಳಕು ನೀರಿನ ತೊಟ್ಟಿ ಬರಿದು ಮಾಡುವ ವ್ಯವಸ್ಥೆ ಎಲ್ಕ್‌ಮಾಂಟಿನಲ್ಲಿಲ್ಲ. ಶುಗರ್‌ಲ್ಯಾಂಡ್ಸ್ ಸಂದರ್ಶಕ ಕೇಂದ್ರದ ಬಳಿಗೆ ಹೋಗಬೇಕು. ಹೋಗುವುದೆಂದರೆ ಮನೆಯೇ ಹೋಗಬೇಕು. ಡಬ್ಬಿಗಳನ್ನು ಭದ್ರಪಡಿಸಿ, ಚಕ್ರದಡಿಯ ಹಲಗೆಗಳನ್ನು ತೆಗೆದು, ಇಳಿಜಾರಿನಲ್ಲಿ ಹಿಂದಕ್ಕೆ ತಿರುಗಿಸಿ... ಅರ್ಧ ದಿನ ಅದಕ್ಕೇ ಕಳೆಯಿತು. ಮೊದಲೇ ಬಳಲಿದ್ದ ಅಳಿಯನ ಮುಖ ನೋಡಲಾಗಲಿಲ್ಲ.

ಅಂದು ಸಂಜೆ ನಾವು ಕೇಳದೆಯೇ ಅಧಿಕಾರ ವಹಿಸಿಕೊಂಡೆವು. ಮುಂಬಯಿಗೆ ಬಂದ ಹೊಸದರಲ್ಲಿ ಚಾಳಿನಲ್ಲಿ ಬೆಳಗಿನ ಜಾವ ಒಂದು ಗಂಟೆ ನೀರು ಬರುತ್ತಿತ್ತು. ಹಂಡೆ, ಡ್ರಮ್ಮು, ಬಿಂದಿಗೆಗಳಲ್ಲಿ ಅದನ್ನು ಹಿಡಿದಿಟ್ಟುಕೊಂಡು ಮಕ್ಕಳನ್ನು ಬೆಳೆಸಿದವರು ನಾವು. ಅಕ್ಕಿ ತೊಳೆದ ನೀರು ಎಲ್ಲಿಗೆ ಹೋಗಬೇಕು, ಒಂದು ಚೊಂಬಿನಲ್ಲಿ ಎಷ್ಟು ಮುಖ ತೊಳೆಯಬಹುದು, ಎಣ್ಣೆ ಪಾತ್ರೆಯನ್ನು ಮೊದಲು ಕಾಗದದಲ್ಲಿ ಒರೆಸಿದರೆ ಎಷ್ಟು ನೀರು ಉಳಿಯುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಷವರಿಗೆ ಬೀಗ ಬಿತ್ತು. ಒದ್ದೆ ಟವೆಲಿನಲ್ಲಿ ಮೈ ಒರೆಸಿಕೊಳ್ಳುವುದು ಮೊಮ್ಮಕ್ಕಳಿಗೆ ಆಟವಾಯಿತು. ಮುಂದಿನ ಎರಡು ರಾತ್ರಿ ಮನೆ ಕದಲಲಿಲ್ಲ.

ಕರಡಿಯ ವಿಷಯವೂ ಹಾಗೆಯೇ. ಅಲ್ಲಿ ಕಪ್ಪು ಕರಡಿಗಳಿವೆ. ಆಹಾರವನ್ನಾಗಲಿ ಅಡುಗೆಯ ಪಾತ್ರೆಯನ್ನಾಗಲಿ ಹೊರಗೆ ಬಿಟ್ಟು ಮಲಗಬಾರದು ಎಂಬುದು ಕಟ್ಟುನಿಟ್ಟಾದ ನಿಯಮ. ಮಗಳು ಅದನ್ನು ಓದಿ ಹೇಳುವ ಹೊತ್ತಿಗೆ ಮೇಜು ಒರೆಸಿ, ಮುಸುರೆ ತೆಗೆದು, ಪಾತ್ರೆಗಳನ್ನು ಒಳಗಿಟ್ಟಾಗಿತ್ತು. ಮುಸುರೆಯ ಶಿಸ್ತನ್ನು ಹಳೆಯ ಕಾಲದ ಕಂದಾಚಾರವೆಂದು ನಗುತ್ತಿದ್ದ ಮಗಳು ಅಂದು ನಗಲಿಲ್ಲ. (ಕಾವಲಿಗೆ ಬಂದ ರೇಂಜರ್ ಹೆಂಗಸು ನಮ್ಮ ಒಲೆಯ ಸುತ್ತ ಟಾರ್ಚು ಹಾಯಿಸಿ ಮೆಚ್ಚಿಗೆಯಿಂದ ತಲೆದೂಗಿದ್ದನ್ನು ಇಲ್ಲಿ ದಾಖಲಿಸದಿದ್ದರೆ ನಮಗೆ ಸಮಾಧಾನವಿಲ್ಲ.)

"ಹಿರಿಯರು ವಿಶ್ರಾಂತಿಗೆ ಬಂದಿರುತ್ತಾರೆ, ಅಲ್ಲಿಯೂ ದುಡಿಸುವುದೇ?" ಎಂದು ಕೆಲವರು ಕೇಳುತ್ತಾರೆ. ಪ್ರೀತಿಯ ಮಾತೇ. ಆದರೆ ಆರು ತಿಂಗಳು ಪರದೇಶದ ಸೋಫಾದ ಮೇಲೆ ಕೂತು ವಿಶ್ರಮಿಸಿದವರಿಗೆ ಆ ವಿಶ್ರಾಂತಿಯ ಭಾರ ಗೊತ್ತು. ನಾವಿಬ್ಬರೂ ಆ ಮನೆಗೆ ಬೇಕಾದವರು ಎಂದು ಅಲ್ಲಿ ನಮಗೆ ಅನ್ನಿಸಿದ್ದು ಆ ಮೂರು ದಿನ.

ಆದ್ದರಿಂದ ಆರು ಉದ್ಯಾನ ಬೇಡ. ಒಂದು ಸಾಕು, ಅಲ್ಲಿಯೇ ನಾಲ್ಕು ರಾತ್ರಿ ಇರಿ. ಸಾಧ್ಯವಾದರೆ ಜೊತೆಗೊಂದು ಕಾರನ್ನೂ ಒಯ್ಯಿರಿ. ಅದಿಲ್ಲದಿದ್ದರೆ ಜಲಪಾತ ನೋಡುವುದಕ್ಕೂ ಮನೆಯನ್ನೇ ಎಬ್ಬಿಸಬೇಕು, ಮೇಲಾಗಿ ರೋರಿಂಗ್ ಫೋರ್ಕ್‌ನಂಥ ಕಿರುದಾರಿಗಳಿಗೆ ಆರ್‌ವಿಗೆ ಪ್ರವೇಶವೇ ಇಲ್ಲ. ತಾಣದ ಉದ್ದವನ್ನೂ ವಾಹನದ ಉದ್ದವನ್ನೂ ತಾಳೆ ನೋಡದೆ ಹಣ ಕಟ್ಟಬೇಡಿ. ಸೌದೆಯನ್ನು ಊರಿನಿಂದ ಒಯ್ಯಬೇಡಿ. ಹೊರಗಿನ ಕೀಟ ಕಾಡಿಗೆ ನುಗ್ಗದಿರಲೆಂದು, ಶಾಖದಿಂದ ಸಂಸ್ಕರಿಸಿ ಪ್ರಮಾಣೀಕರಿಸಿದ ಸೌದೆಯನ್ನಷ್ಟೇ ಒಳಗೆ ಬಿಡುತ್ತಾರೆ. ಇವೆಲ್ಲ ಜಾಲತಾಣದಲ್ಲಿ ಸಿಗುವ ಸಂಗತಿಗಳು, ಮಕ್ಕಳು ನೋಡಿಕೊಳ್ಳುತ್ತಾರೆ. ಹಿರಿಯರು ರಾತ್ರಿ ಎಷ್ಟು ಸಲ ಏಳುತ್ತಾರೆ, ಮೇಲಿನ ಮಂಚಕ್ಕೆ ಹತ್ತಲಾಗದವರು ಯಾರು, ಇನ್ಸುಲಿನ್ ಎಲ್ಲಿಡಬೇಕು ಎಂಬುದು ಜಾಲತಾಣದಲ್ಲಿಲ್ಲ, ಕೇಳಬೇಕು. ಹೇಳಲು ಸಂಕೋಚಪಡುವ ನಮ್ಮ ತಪ್ಪೂ ಇದರಲ್ಲಿದೆ. ನಮ್ಮಲ್ಲೊಬ್ಬರು ಮಂಡಿನೋವನ್ನು ಎರಡು ದಿನ ಮುಚ್ಚಿಟ್ಟು ಏಣಿ ಹತ್ತಿದ್ದರು.

ಮುಂದಿನ ಮೇ ತಿಂಗಳಿಗೆ ಮತ್ತೆ ಕರೆ ಬಂದಿದೆ. ಈ ಬಾರಿ ಕೋಷ್ಟಕದ ಮೊದಲ ಪ್ರತಿ ನಮ್ಮ ಕೈಯಲ್ಲಿ ತಯಾರಾಗುತ್ತಿದೆ. ಆದರೆ ಹೊಸ ತೊಡಕೊಂದಿದೆ. ನಮ್ಮಲ್ಲೊಬ್ಬರು ಈಗ ರಾತ್ರಿ ಉಸಿರಾಟದ ಯಂತ್ರ ಹಾಕಿಕೊಂಡೇ ಮಲಗಬೇಕು. ವಿದ್ಯುತ್ ಸಂಪರ್ಕವಿರುವ ಶಿಬಿರತಾಣಕ್ಕೆ ಹೋಗೋಣವೆಂದು ಮಗಳು ಟೆನೆಸ್ಸಿಯದೇ ಫಾಲ್ ಕ್ರೀಕ್ ಫಾಲ್ಸ್ ರಾಜ್ಯ ಉದ್ಯಾನವನ್ನು ಸೂಚಿಸಿದ್ದಾಳೆ. ಮೊಮ್ಮಗಳಿಗೆ ಎಲ್ಕ್‌ಮಾಂಟಿನ ಹೊಳೆಯೇ ಬೇಕು. ಹಾಗಾಗಿ ಬ್ಯಾಟರಿಯೊಂದನ್ನು ತಂದು ಇಲ್ಲಿಯೇ, ಡೊಂಬಿವಲಿಯ ಮನೆಯಲ್ಲಿ, ಯಂತ್ರಕ್ಕೆ ಜೋಡಿಸಿ ಪರೀಕ್ಷಿಸುತ್ತಿದ್ದೇವೆ. ಮೊನ್ನೆ ಬೆಳಗಿನ ಜಾವ ನಾಲ್ಕೂವರೆಗೆ ನಿಂತುಹೋಯಿತು. ನಿನ್ನೆ ಯಂತ್ರದ ತೇವದ ಗುಂಡಿ ಆರಿಸಿ ನೋಡಿದೆವು, ಆರೂಕಾಲರವರೆಗೆ ಬಂತು.