ಹಲ್ಲಿನ ಕಲೆ ಯಾರದ್ದು?

ಹಳದಿ ಹಲ್ಲು ಕಂಡರೆ ಕನ್ನಡದಲ್ಲಿ ‘ಪಾಚಿ ಕಟ್ಟಿದೆ’ ಎನ್ನುತ್ತೇವೆ. ನಾನಿರುವ ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ತೆಲುಗರು ‘ಗಾರ ಪಟ್ಟಿದೆ’ ಎನ್ನುತ್ತಾರೆ. ಎರಡೂ ಮಾತಿನ ಹಿಂದಿನ ಊಹೆ ಒಂದೇ. ಹಲ್ಲು ಮೂಲತಃ ಬಿಳಿ, ಕೊಳೆ ಹೊರಗಿನಿಂದ ಬಂದು ಕೂತಿದೆ, ಉಜ್ಜದವರದ್ದೇ ತಪ್ಪು.

ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಹಳ್ಳಿಗಳಲ್ಲಿ, ಈ ರಾಜ್ಯದ ಕನಿಗಿರಿ, ಪೊದಿಲಿ ಕಡೆಗಳಲ್ಲಿ ಈ ಊಹೆ ಸುಳ್ಳಾಗುತ್ತದೆ. ಅಲ್ಲಿನ ಎಷ್ಟೋ ಮಕ್ಕಳ ಹಲ್ಲಿನ ಕಂದು ಪಟ್ಟೆ ಎಷ್ಟು ತಿಕ್ಕಿದರೂ ಹೋಗದು. ಅದು ಮೇಲೆ ಕೂತದ್ದಲ್ಲ, ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಆದ ದೋಷ. ಕುಡಿಯುವ ನೀರಿನ ಫ್ಲೋರೈಡ್ ಹೆಚ್ಚಾದರೆ ಹಲ್ಲಿನ ಹೊರಕವಚ, ಎಂದರೆ ಎನಾಮಲ್, ಸರಿಯಾಗಿ ಗಟ್ಟಿಗೊಳ್ಳುವುದಿಲ್ಲ. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಹೊರಬರುವ ಹೊತ್ತಿಗೆ ಇಲ್ಲವಾಗಿರುತ್ತವೆ. ಹಾಗಾಗಿ ದೇಹ ಅದನ್ನು ಮತ್ತೆ ಕಟ್ಟಿಕೊಳ್ಳಲಾರದು.

ಹೊಸ ಸಂಗತಿಯೇನಲ್ಲ. ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಶಾರ್ಟ್ ಮತ್ತು ಸಂಗಡಿಗರು ಈ ಕಾಯಿಲೆಯನ್ನು ವರದಿ ಮಾಡಿದ್ದು 1937ರಲ್ಲಿ. ಕೇಂದ್ರ ಸರ್ಕಾರದ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 2008–09ರಲ್ಲಿ. ನಡುವಿನ ಎಪ್ಪತ್ತು ವರ್ಷದಲ್ಲಿ ಎಷ್ಟು ತಲೆಮಾರು ‘ಹಲ್ಲುಜ್ಜಲ್ವೇನೋ?’ ಎಂಬ ಮಾತು ಕೇಳಿಸಿಕೊಂಡಿರಬಹುದು!

ಅನುವಾದಕ್ಕೆಂದು ನನ್ನ ಬಳಿ ಬರುವ ಆರೋಗ್ಯದ ಕರಪತ್ರಗಳಲ್ಲೂ ಇದೇ ದನಿ. ಒಂದರಲ್ಲಿ ಕಂದು ಪಟ್ಟೆಯ ಚಿತ್ರದ ಕೆಳಗೆ ‘ದಿನಕ್ಕೆರಡು ಸಲ ಹಲ್ಲುಜ್ಜಿ’ ಎಂದಿತ್ತು. ಉಜ್ಜುವುದು ಒಳ್ಳೆಯದೇ, ಆದರೆ ಆ ಚಿತ್ರದ ಕೆಳಗೆ ಆ ಮಾತು ನೀರಿನ ತಪ್ಪನ್ನು ಮಗುವಿನ ತಲೆಗೆ ಕಟ್ಟುತ್ತದೆ.

‘ಮೂಳೆ ಬಾಗಿದವರ ಮುಂದೆ ಹಲ್ಲಿನ ಬಣ್ಣ ದೊಡ್ಡದೇ?’ ಎಂದು ಕೇಳುವವರಿದ್ದಾರೆ. ನೋವಿನ ಲೆಕ್ಕದಲ್ಲಿ ಅವರ ಮಾತು ಸರಿ. ತೆಳು ಬಿಳಿ ಗೆರೆಗಳಿಂದ ಹಲ್ಲಿಗೆ ಹೆಚ್ಚೇನೂ ತೊಂದರೆಯಿಲ್ಲ, ತೀವ್ರವಾದಾಗ ಮಾತ್ರ ಗುಳಿ ಬಿದ್ದು ಅಂಚು ಒಡೆಯುತ್ತದೆ. ಆದರೆ ಮೂಳೆಯ ಕಾಯಿಲೆ ಕಾಣಿಸಲು ಸಾಮಾನ್ಯವಾಗಿ ವರ್ಷಗಟ್ಟಲೆ ಬೇಕು, ಹಲ್ಲು ಬಾಲ್ಯದಲ್ಲೇ ಹೇಳಿಬಿಡುತ್ತದೆ. ಏಳೆಂಟು ವರ್ಷದ ಅಕ್ಕನ ಮುಂದಿನ ಹಲ್ಲು ಅವಳು ಎಳವೆಯಲ್ಲಿ ಕುಡಿದ ನೀರಿನ ದಾಖಲೆ. ಅದೇ ಕೊಳವೆಬಾವಿಯ ನೀರು ಕುಡಿಯುತ್ತಿರುವ ಎರಡು ವರ್ಷದ ತಮ್ಮನ ಹಲ್ಲು ಇನ್ನೂ ಒಸಡಿನೊಳಗೆ ತಯಾರಾಗುತ್ತಿದೆ. ಅವಳದ್ದನ್ನು ಸರಿಯಾಗಿ ಓದಿದರೆ ಅವನದ್ದನ್ನು ಉಳಿಸಬಹುದು.

ಓದುವುದಕ್ಕೆ ಎಚ್ಚರವೂ ಬೇಕು. ಎಲ್ಲ ಕಲೆಯೂ ಫ್ಲೋರೈಡಿನದ್ದಲ್ಲ. ಹಾಲುಹಲ್ಲಿಗೆ ಪೆಟ್ಟು ಬಿದ್ದರೆ ಕೆಳಗಿದ್ದ ಒಂದೇ ಹಲ್ಲು ಕಲೆಯಾಗಬಹುದು. ಎಳವೆಯಲ್ಲಿ ಕೊಟ್ಟ ಟೆಟ್ರಾಸೈಕ್ಲಿನ್, ತೀವ್ರ ಜ್ವರ, ವಂಶವಾಹಿ ದೋಷ, ಇವೂ ಗುರುತು ಬಿಡುತ್ತವೆ. ಫ್ಲೋರೈಡಿನ ಗುರುತು ಸಾಮಾನ್ಯವಾಗಿ ಎಡಬಲ ಜೋಡಿ ಹಲ್ಲುಗಳಲ್ಲಿ ಒಂದೇ ತೆರನಾಗಿರುತ್ತದೆ. ದಂತವೈದ್ಯರು ‘ಯಾವ ಊರಲ್ಲಿ ಬೆಳೆದೆ?’ ಎಂದು ಕೇಳಬೇಕಾದದ್ದು ಅದಕ್ಕೇ. ನಗರದಲ್ಲಿ ಬಿಳಿ ಮಾಡಿಸುವ ಜಾಹೀರಾತುಗಳಿಗೆ ಆ ಪ್ರಶ್ನೆ ಬೇಕಿಲ್ಲ.

ನನ್ನ ಬೇಡಿಕೆ ಎರಡು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಿತ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಊರಿನ ನೀರಿನ ಅಳತೆಯನ್ನು ಶಾಲೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಲಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ ಎಂಬುದೂ ಅಲ್ಲಿರಲಿ.

ಎರಡನೆಯದು, ಬರೆಯುವ ನಮ್ಮಂಥವರಿಗೆ. ಇದಕ್ಕೆ ‘ಪಾಚಿ’, ‘ಕೊಳೆ’ ಎನ್ನುವುದು ಬಿಡೋಣ. ‘ಫ್ಲೋರೈಡ್ ನೀರಿನ ಹಲ್ಲು’ ಎಂದರೆ ಸಾಕು. ಮಾತು ಸ್ವಲ್ಪ ಉದ್ದವಾಯಿತು, ನಿಜ. ಆದರೆ ಅದನ್ನು ಕೇಳಿದ ಮೇಷ್ಟ್ರು ಮಗುವನ್ನು ಗದರಿಸುವ ಮೊದಲು ನಲ್ಲಿಯ ಕಡೆ ನೋಡುತ್ತಾರೆ.